60 ಜಿಬಿ ಮದುವೆ, ಬಳ್ಳಾರಿಯಿಂದ ಬೆಂಗಳೂರಿಗೆ

ಎರಡು ಸೀಸನ್ ಮದುವೆ ವಿಡಿಯೊಗಳನ್ನು ಹಾರ್ಡ್ ಡಿಸ್ಕಿಗೆ ತುಂಬಿ ರಾತ್ರಿ ಬಸ್ಸಿಗೆ ಹಾಕುತ್ತಿದ್ದೆ. ಒಂದು ಪಾರ್ಸೆಲ್‌ಗೆ 200 ರೂಪಾಯಿ. ಒಂದು ಡಿಸ್ಕ್ ದಾರಿಯಲ್ಲೇ ಕೆಟ್ಟಿತು, 4,500 ಹೋಯ್ತು. ಇನ್ನು ನೆಟ್‌ನಲ್ಲೇ ಕಳಿಸೋಣ ಅಂದೆ. "ನಮ್ಮೂರ ಕರೆಂಟ್ ನಂಬ್ಕೊಂಡು ಕಳಿಸ್ತೀರೇನಣ್ಣ?" ಅಂದ ಅಂಗಡಿ ಹುಡುಗ.

ಬೆಂಗಳೂರಿನ ಎಡಿಟರ್ ಹತ್ತಿರ ಹಳೇ ಪಿಸಿ ಇತ್ತು. ಅದಕ್ಕೆ ಲಿನಕ್ಸ್ ಹಾಕಿ, ನೆಟ್‌ನಲ್ಲಿ ಬರುವ ಫೈಲ್ ಇಳಿಸಿಕೊಳ್ಳುವ ಸರ್ವರ್ ಪ್ರೋಗ್ರಾಂಗಳಾದ ವಿಎಸ್‌ಎಫ್‌ಟಿಪಿಡಿ, ಪ್ರೊಎಫ್‌ಟಿಪಿಡಿ, ಓಪನ್‌ಎಸ್‌ಎಸ್‌ಎಚ್‌ನ ಎಸ್‌ಎಫ್‌ಟಿಪಿ ಮೂರನ್ನೂ ನೋಡಿದೆ. ನನ್ನ ಅಪ್‌ಲೋಡ್ 40 ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿ. ಮೂರರಲ್ಲೂ ಸೆಕೆಂಡಿಗೆ ನಾಲ್ಕೂವರೆ ಎಂಬಿ ಆಸುಪಾಸು. ಸ್ಪೀಡಿಗೆ ಜಗಳ ಆಡೋದು ದಂಡ. ನಿಜವಾದ ಪರೀಕ್ಷೆ ಲೈನ್ ಕಟ್ ಆದಾಗ.

ಪ್ರೊಎಫ್‌ಟಿಪಿಡಿಯಲ್ಲಿ ಅರ್ಧ ಹೋಗಿದ್ದಾಗ ಕರೆಂಟ್ ಹೋಯ್ತು. ಬಂದ ಮೇಲೆ ಮುಂದುವರಿಸಿದರೆ 550 ಎರರ್, ಅಂದ್ರೆ ಬರೆಯೋಕೆ ಅನುಮತಿ ಇಲ್ಲ. ಇರುವ ಫೈಲ್ ಮೇಲೆ ಬರೆಯಲು ಬಿಡುವ ಅಲೋಓವರ್‌ರೈಟ್ ಸೆಟ್ಟಿಂಗ್ ಆನ್ ಮಾಡಿರಲಿಲ್ಲ, ಒಂದು ರಾತ್ರಿ ಹಾಳು. ವಿಎಸ್‌ಎಫ್‌ಟಿಪಿಡಿಯಲ್ಲಿ ಇನ್ನೂ ಹೊಟ್ಟೆ ಉರಿಯಿತು. ಫೈಲ್ ಪೂರ್ತಿ ಹೋಗಿರುತ್ತೆ, 100 ಪರ್ಸೆಂಟ್ ತೋರಿಸುತ್ತೆ, ಆಮೇಲೆ ಕೆಂಪು ಅಕ್ಷರ. ಎಫ್‌ಟಿಪಿಯಲ್ಲಿ ಫೈಲ್‌ಗೊಂದು, ಆದೇಶಕ್ಕೊಂದು ಬೇರೆ ಬೇರೆ ಕನೆಕ್ಷನ್. ಡೇಟಾ ಹೋಗುವಷ್ಟು ಹೊತ್ತು ಆದೇಶದ 21ನೇ ಪೋರ್ಟ್ ಸುಮ್ನೆ ಕೂತಿರುತ್ತೆ ಅಲ್ವಾ, ರೂಟರ್ ಅದನ್ನು ಕತ್ತರಿಸಿಬಿಟ್ಟಿತ್ತು. ಫೈಲ್ ತಲುಪಿತು ಅನ್ನೋ 226 ಉತ್ತರ ಬರಲೇ ಇಲ್ಲ. ನನ್ನ ಕಡೆ ಫೈಲ್ ಕಳಿಸುವ ಪ್ರೋಗ್ರಾಂ ಮತ್ತೆ ಸೊನ್ನೆಯಿಂದ ಶುರು. ಇದು ಗೊತ್ತಾಗಲು ಮೂರು ರಾತ್ರಿ ಬೇಕಾಯ್ತು.

ಎಸ್‌ಎಫ್‌ಟಿಪಿಗೆ ಈ ತಾಪತ್ರಯ ಇಲ್ಲ. 22ನೇ ಪೋರ್ಟ್, ಆದೇಶಕ್ಕೂ ಡೇಟಾಗೂ ಒಂದೇ ಕನೆಕ್ಷನ್. ಆದರೆ 60 ಜಿಬಿಯ ಒಂದೇ ಫೈಲ್ ಕಳಿಸೋದು ಬಿಟ್ಟೆ. ಫೈಲ್ ಕತ್ತರಿಸುವ ಸ್ಪ್ಲಿಟ್ ಕಮಾಂಡ್‌ನಿಂದ 500 ಎಂಬಿ ತುಂಡು ಮಾಡಿದೆ, ಹತ್ತಿರ ಹತ್ತಿರ 120 ಆದವು. ಫೈಲ್ ಕಳಿಸುವ ಎಲ್‌ಎಫ್‌ಟಿಪಿ ಪ್ರೋಗ್ರಾಂನ ಮಿರರ್ ಕಮಾಂಡ್‌ನಲ್ಲಿ ರಿವರ್ಸ್ (ನನ್ನ ಕಡೆಯಿಂದ ಅತ್ತ ಕಳಿಸು), ಕಂಟಿನ್ಯೂ (ನಿಂತಲ್ಲಿಂದ ಮುಂದುವರಿಸು) ಹಾಕಿ ನಾಲ್ಕು ತುಂಡು ಒಟ್ಟಿಗೆ ಬಿಟ್ಟೆ. ಆ ರಾತ್ರಿ ಎರಡು ಸಲ ಕರೆಂಟ್ ಹೋಯ್ತು. ಬೆಳಿಗ್ಗೆ ಎರಡೂ ಕಡೆ ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ256 ಮೊತ್ತ ತಾಳೆ ನೋಡಿದರೆ ಒಂದೇ ಒಂದು ತುಂಡು ತಪ್ಪಿತ್ತು. ಅದೊಂದನ್ನೇ ಕಳಿಸಿದೆ, ಎರಡು ನಿಮಿಷ. ಹುಡುಗ ಬಾಯಿ ಬಿಡಲಿಲ್ಲ. ಕರೆಂಟ್ ಬಂದ ಕೂಡಲೇ ತಾನೇ ಶುರುವಾಗುವ ಸ್ಕ್ರಿಪ್ಟ್ ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ನಡುವೆ ರಾಸ್‌ಬೆರಿ ಪೈ 3 ಅನ್ನೋ ಅಂಗೈಯಗಲದ ಕಂಪ್ಯೂಟರಿನಿಂದಲೂ ಎಸ್‌ಎಫ್‌ಟಿಪಿಯಲ್ಲಿ ಕಳಿಸಿ ನೋಡಿದೆ. ಎಸ್‌ಎಫ್‌ಟಿಪಿ ಡೇಟಾವನ್ನು ಗೂಢಲಿಪಿ ಮಾಡಿ ಕಳಿಸುತ್ತೆ; ಅದರ ಒಂದು ಬಗೆಯಾದ ಎಇಎಸ್‌ಗೆ ಪೈ ಚಿಪ್‌ನಲ್ಲಿ ಬೇರೆ ಹಾರ್ಡ್‌ವೇರ್ ಇಲ್ಲ. ನಾನೇ ಎಇಎಸ್ ಆರಿಸಿ ಕೆಡಿಸಿಕೊಂಡಿದ್ದೆ, ಚಾಚಾ20 ಅನ್ನೋ ಇನ್ನೊಂದು ಬಗೆಗೆ ಮರಳಿದ ಮೇಲೆ ಅಂಗಡಿಯ ಒಳಗಿನ ಲೈನಲ್ಲಿ ಸ್ಪೀಡ್ ಜಾಸ್ತಿ ಆಯ್ತು.

ಈ ಸೀಸನ್ 22 ಮದುವೆ ಹೀಗೇ ಹೋದವು. ಪಾರ್ಸೆಲ್ ಕಾಸು 4,400 ಉಳಿಯಿತು. ಅದಕ್ಕೆ ಒಂದಿಷ್ಟು ಸೇರಿಸಿ ರೂಟರ್‌ಗೆ ಸಣ್ಣ ಯುಪಿಎಸ್ ತಂದಿದ್ದೇನೆ.