ಬೆಳಿಗ್ಗೆ ಹಿಮ, ಸಂಜೆ ಸೀತಾಫಲ: ಆಂಡಲೂಸಿಯಾದಲ್ಲಿ ನನ್ನ ಐದು ದಿನ

ಸ್ಪೇನಿನ ದಕ್ಷಿಣ ಅಂದ್ರೆ ಬರೀ ಬಿಸಿಲು ಅಂತ ನಂಬ್ಕೊಂಡು, ಮಾರ್ಚ್ ತಿಂಗಳಲ್ಲಿ ನಾಲ್ಕು ಟೀಶರ್ಟು ಒಂದು ಜೊತೆ ಚಪ್ಪಲಿ ಬ್ಯಾಗಿಗೆ ತುರುಕಿ ಹೊರಟ್ಬಿಟ್ಟೆ. ಮಲಾಗಾದಲ್ಲಿ ಇಳಿದಾಗ ಚೆನ್ನಾಗೇ ಬಿಸಿಲಿತ್ತು, ಕಾರ್ ಬಾಡಿಗೆಗೆ ತಗೊಂಡು ಗ್ರಜಲೇಮಾ ಅನ್ನೋ ಬೆಟ್ಟದ ಊರಿಗೆ ಹೋದ್ರೆ ಅಲ್ಲಿ ಹಿಡಿದ ಮಳೆ ಎರಡು ದಿನ ಬಿಡ್ಲೇ ಇಲ್ಲ. ಅಟ್ಲಾಂಟಿಕ್ ಕಡೆಯಿಂದ ಬರೋ ಮೋಡಕ್ಕೆ ಮೊದಲು ಸಿಗೋ ಎತ್ತರದ ಬೆಟ್ಟಗಳೇ ಇವು, ಥೇಟ್ ನಮ್ಮ ಆಗುಂಬೆ ಲೆಕ್ಕ. ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಬೀಳುತ್ತಂತೆ, ಮಲೆನಾಡಿನ ನನಗೆ ಅದೇನು ಮಹಾ ಅನ್ನಿಸ್ತು, ಆದ್ರೆ ಛತ್ರಿ ಇರ್ಲಿಲ್ವಲ್ಲ!

ಮೂರನೇ ದಿನ ಪೂರ್ವಕ್ಕೆ ಓಡ್ಸಿದೆ. ಆಲಿವ್ ತೋಟ ಕಳೆದು ಆಲ್ಮೆರಿಯಾ ಕಡೆ ತಬೆರ್ನಾಸ್ ಮುಟ್ಟೋ ಹೊತ್ತಿಗೆ ನೆಲ ಪೂರ್ತಿ ಬೋಳು, ಕೊರಕಲು ಬಿದ್ದ ಮಣ್ಣಿನ ಗುಡ್ಡಗಳು. ಸುತ್ತ ಇರೋ ಬೆಟ್ಟಗಳೇ ಮಳೆ ತಡೆದು ಇಟ್ಕೊಳ್ಳೋದ್ರಿಂದ ಈ ಕಡೆ ಮರುಭೂಮಿ. ಕೌಬಾಯ್ ಸಿನಿಮಾಗಳಿಗೆ ಇಲ್ಲೇ ಶೂಟಿಂಗ್ ಮಾಡ್ತಿದ್ರು. ಅದೇ ಜಿಲ್ಲೆಯ ಕಾಬೊ ದೆ ಗಾತಾ ಕರಾವಳೀಲಿ ವರ್ಷಕ್ಕೆ 200 ಮಿಲಿಮೀಟರ್ ಕೂಡ ಬೀಳಲ್ಲ. ಆದ್ರೂ ಎಲ್ ಎಹಿದೋ ಹತ್ರ ಕಣ್ಣು ಹಾಯೋವರೆಗೂ ಪ್ಲಾಸ್ಟಿಕ್ ಹೊದ್ದ ಗ್ರೀನ್‌ಹೌಸ್, ಒಳಗೆ ಟೊಮೇಟೊ, ಕ್ಯಾಪ್ಸಿಕಂ. ನೋಡೋಕೆ ಚೆನ್ನಾಗಿಲ್ಲ, ನಿಜ ಹೇಳ್ತೀನಿ.

ಕೊನೇ ದಿನ ಮಾತ್ರ ಮರೆಯಲ್ಲ. ಗ್ರಾನಡಾದಿಂದ ಬೆಳಿಗ್ಗೆ ಸಿಯೆರಾ ನೆವಾಡಾ ಹತ್ತಿ ಪ್ರಾದೊಯಾನೋಗೆ ಹೋದೆ, 2,100 ಮೀಟರ್ ಎತ್ತರ, ಚಪ್ಪಲಿ ಕಾಲಿಗೆ ಹಿಮ ಮೆತ್ಕೊಂಡು ಬೆರಳು ಮರಗಟ್ಟಿ ಹೋಯ್ತು, ಹತ್ತೇ ನಿಮಿಷಕ್ಕೆ ಕಾರಿಗೆ ಓಡಿಬಂದು ಹೀಟರ್ ಮುಂದೆ ಕಾಲಿಟ್ಕೊಂಡು ಕೂತೆ. ಮಧ್ಯಾಹ್ನ ಬೆಟ್ಟ ಇಳಿದು ಅಲ್ಮುನ್ಯೇಕರ್ ಸಮುದ್ರಕ್ಕೆ ಬಂದ್ರೆ ಮಾವು, ಬೆಣ್ಣೆಹಣ್ಣಿನ ತೋಟಗಳು! ಉತ್ತರದ ಚಳಿಗಾಳೀನ ಆ ಬೆಟ್ಟಗಳೇ ತಡೆಯೋದ್ರಿಂದ ಇವು ಇಲ್ಲಿ ಬದುಕ್ತವೆ.

ನೀವು ಹೋಗೋದಾದ್ರೆ ಒಂದು ಜಾಕೆಟ್ಟು, ಶೂ ಖಂಡಿತ ಇಟ್ಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಕೊರ್ದೊಬಾ ಕಡೆ ಬೇಡ, 2021ರ ಆಗಸ್ಟ್‌ನಲ್ಲಿ ಅಲ್ಲಿನ ಲಾ ರಾಂಬ್ಲಾದಲ್ಲಿ 47.6 ಡಿಗ್ರಿ ಆಗಿತ್ತು.

ಅಲ್ಮುನ್ಯೇಕರ್ ಅಂಗಡೀಲಿ ಚಿರಿಮೋಯಾ ಇತ್ತು, ನಮ್ಮ ಸೀತಾಫಲದ ದಾಯಾದಿ, ಸಿಪ್ಪೆ ಮಾತ್ರ ಅಷ್ಟು ಉಬ್ಬುಬ್ಬಿಲ್ಲ. ಅಂಗಡಿಯಮ್ಮ ಹೆಬ್ಬೆರಳಲ್ಲಿ ಒತ್ತಿ ನೋಡಿ ಎರಡು ಆರಿಸಿ, ಒಂದು ಇವತ್ತಿಗೆ ಇನ್ನೊಂದು ನಾಳೆಗೆ ಅಂತ ಸನ್ನೆ ಮಾಡಿ ಕೊಟ್ರು. ಎರಡನ್ನೂ ಅವತ್ತೇ ಕೊಯ್ದೆ. ನಾಳೇದು ಇನ್ನೂ ಕಲ್ಲಿನ ಹಾಗಿತ್ತು.