ಬಾಕ್ಸರ್‌ನ ವಯಸ್ಸನ್ನು ನಾನು ಲೆಕ್ಕ ಹಾಕುವ ಬಗೆ

ಪ್ರೊ, ಅಂದರೆ ದುಡ್ಡಿಗೆ ಆಡುವ ಬಾಕ್ಸರ್, ಆಗಬೇಕು ಅಂತ ಯಾರಾದರೂ ನಮ್ಮ ಜಿಮ್‌ಗೆ ಬಂದರೆ ನಾನು ಮೊದಲು ವಯಸ್ಸು ಕೇಳುವುದಿಲ್ಲ, ಗೆಲುವು ಸೋಲಿನ ಲೆಕ್ಕವನ್ನೂ ಕೇಳುವುದಿಲ್ಲ. "ಎಷ್ಟು ವರ್ಷದಿಂದ ಸ್ಪಾರಿಂಗ್ ಮಾಡ್ತಿದ್ದೀಯಾ? ಯಾರ ಜೊತೆ? ಅವನು ನಿನಗಿಂತ ಎಷ್ಟು ಕೆಜಿ ಜಾಸ್ತಿ ಇದ್ದ?" ಅಂತ ಕೇಳುತ್ತೇನೆ. ಸ್ಪಾರಿಂಗ್ ಅಂದರೆ ಜೊತೆಗಾರನ ಎದುರು ಆಡುವ ಅಭ್ಯಾಸದ ಫೈಟ್. ಹುಡುಗರಿಗೆ ಈ ಪ್ರಶ್ನೆ ವಿಚಿತ್ರ ಅನಿಸುತ್ತೆ. ಪಾಪ, ಅವರು ಮೆಡಲ್ ತೋರಿಸೋಕೆ ಬಂದಿರುತ್ತಾರೆ.

ನಾನೂ ಅಮೆಚೂರ್, ಅಂದರೆ ದುಡ್ಡಿಗಲ್ಲದೆ ಮೆಡಲ್‌ಗೆ ಆಡುವ ಬಾಕ್ಸಿಂಗ್, ಆಡಿದವನೇ. ಈಗ ಬೆಂಗಳೂರಿನಲ್ಲಿ ಹುಡುಗರಿಗೆ ಪ್ಯಾಡ್ (ಅವರು ಹೊಡೆದು ಕಲಿಯುವ ಕೈ ಮೆತ್ತೆ) ಹಿಡಿಯುತ್ತೇನೆ. ವರ್ಷಗಟ್ಟಲೆ ಆಡಿದರೆ ಬಾಕ್ಸರ್‌ಗೆ ಬೇಗ ಮುಪ್ಪು ಬರುತ್ತಾ ಅನ್ನುವ ಪ್ರಶ್ನೆಯನ್ನು ಹುಡುಗರಿಗಿಂತ ಅವರ ಅಮ್ಮಂದಿರೇ ಜಾಸ್ತಿ ಕೇಳುತ್ತಾರೆ. ಬರುತ್ತೆ ಅಮ್ಮ, ಆದರೆ ವರ್ಷದ ಲೆಕ್ಕದಲ್ಲಿ ಅಲ್ಲ, ತಿಂದ ಏಟಿನ ಲೆಕ್ಕದಲ್ಲಿ ಅನ್ನುತ್ತೇನೆ. ಅದರಲ್ಲೂ ಜಿಮ್‌ನಲ್ಲಿ ಬಾಗಿಲು ಹಾಕಿಕೊಂಡು ತಿಂದ ಏಟು. ಅದನ್ನು ಯಾವ ದಾಖಲೆಯೂ ಬರೆದಿಟ್ಟುಕೊಳ್ಳಲ್ಲ.

ಬರೀ ವರ್ಷವೇ ಕಾರಣ ಅನ್ನುವವರು ಬರ್ನಾರ್ಡ್ ಹಾಪ್ಕಿನ್ಸ್‌ನನ್ನು ನೋಡಬೇಕು. 1988ರಲ್ಲಿ ಪ್ರೊ ಆದವನು 2011ರಲ್ಲಿ, 46ನೇ ವಯಸ್ಸಿನಲ್ಲಿ, ಮಾಂಟ್ರಿಯಲ್‌ನಲ್ಲಿ ಜೀನ್ ಪಾಸ್ಕಲ್‌ನನ್ನು ಸೋಲಿಸಿ ಮತ್ತೆ ವಿಶ್ವ ಚಾಂಪಿಯನ್ ಆದ. ಆ ಫೈಟ್‌ನಲ್ಲಿ ಒಂದು ರೌಂಡ್ ಶುರುವಾಗುವ ಮುಂಚೆ ರಿಂಗ್‌ನಲ್ಲೇ ದಂಡ ಹೊಡೆದು ತೋರಿಸಿದ. ಗದ್ದವನ್ನು ಭುಜದ ಹಿಂದೆ ಬಚ್ಚಿಟ್ಟುಕೊಂಡು, ಎದುರಾಳಿ ಹೊಡೆಯುವ ಮೊದಲೇ ಹತ್ತಿರ ಹೋಗಿ ಅಪ್ಪಿಕೊಂಡುಬಿಡುವ ಆಟ ಅವನದು. ನೋಡೋಕೆ ಬೋರು, ಒಪ್ಪುತ್ತೇನೆ. ಆದರೆ ತಲೆ ಉಳಿಸಿದ್ದು ಅದೇ ಬೋರು.

ಇನ್ನೊಂದು ಕಡೆ ಮೆಲ್ಡ್ರಿಕ್ ಟೇಲರ್. 1984ರ ಒಲಿಂಪಿಕ್ ಚಿನ್ನ. 1990ರ ಮಾರ್ಚ್ 17ರಂದು ಹೂಲಿಯೋ ಸೀಸರ್ ಚಾವೇಜ್ ಎದುರು ಇಳಿದಾಗ 23 ವರ್ಷ. ಕೈ ಎಷ್ಟು ವೇಗ ಅಂದರೆ ಆ ವಿಡಿಯೊವನ್ನು ನಿಧಾನ ಮಾಡಿ ನೋಡಬೇಕು. ಪಾಯಿಂಟ್ಸ್‌ನಲ್ಲಿ ಮುಂದಿದ್ದ, ಆದರೆ ಪ್ರತಿ ರೌಂಡ್‌ನಲ್ಲೂ ಚಾವೇಜ್ ಕೊಟ್ಟ ಏಟು ಭಾರದವು. ಕೊನೆಯ ರೌಂಡ್ ಮುಗಿಯಲು 2 ಸೆಕೆಂಡ್ ಇದ್ದಾಗ ರೆಫರಿ ಫೈಟ್ ನಿಲ್ಲಿಸಿದ. ಆ ಎರಡು ಸೆಕೆಂಡಿನ ಬಗ್ಗೆ ಜನ ಇವತ್ತಿಗೂ ಜಗಳ ಆಡುತ್ತಾರೆ. ನನಗೆ ಅದು ಮುಖ್ಯ ಅಲ್ಲ. ಅದಾದ ಮೇಲೆ ಅವನು ಇನ್ನೊಂದು ಚಾಂಪಿಯನ್ ಬೆಲ್ಟ್ ಗೆದ್ದ, ಆದರೆ ಆ ಹಳೇ ಟೇಲರ್ ಮತ್ತೆ ಬರಲೇ ಇಲ್ಲ. ಮುಂದೆ ಮಾತೂ ತೊದಲತೊಡಗಿತು.

ನನಗೆ ನಿಜವಾಗಿ ಪಾಠ ಆಗಿದ್ದು ಮೊಹಮ್ಮದ್ ಅಲಿ ಫೈಟ್‌ಗಳು. ಒಂದೊಂದನ್ನೇ ಪೆನ್ನು ಹಿಡಿದುಕೊಂಡು ನೋಡಿದೆ. ಗೆದ್ದಿದ್ದು ಯಾರು ಅಂತ ಎಲ್ಲರಿಗೂ ಗೊತ್ತು, ಅದಕ್ಕಲ್ಲ. ನಾನು ನೋಡಿದ್ದು ಎರಡೇ: ಜ್ಯಾಬ್ (ಮುಂದಿನ ಕೈಯ ನೇರ ಏಟು) ಹೊಡೆದ ಕೈ ವಾಪಸ್ ಯಾವ ದಾರಿಯಲ್ಲಿ ಬರುತ್ತೆ, ಏಟು ಬಂದಾಗ ಕಾಲು ಸರಿಯುತ್ತಾ ಇಲ್ಲ ಬರೀ ಸೊಂಟ ಬಾಗುತ್ತಾ. 1964ರಲ್ಲಿ ಲಿಸ್ಟನ್ ಎದುರು ಪೂರ್ತಿ ಕಾಲಿನ ಆಟ. ಆಮೇಲೆ ಸೇನೆಗೆ ಸೇರಲ್ಲ ಅಂದಿದ್ದಕ್ಕೆ ಮೂರೂವರೆ ವರ್ಷ ಆಡಲು ಬಿಡಲಿಲ್ಲ. 1970ರಲ್ಲಿ ವಾಪಸ್ ಬಂದಾಗ ಕಾಲು ಮೊದಲಿನ ಹಾಗಿರಲಿಲ್ಲ. ಕಾಲು ಕೈಕೊಟ್ಟ ಮೇಲೆ ಅವನು ಏಟು ತಡೆದುಕೊಳ್ಳುವುದನ್ನೇ ಆಟ ಮಾಡಿಕೊಂಡ. 1974ರಲ್ಲಿ ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ ಫೋರ್‌ಮನ್‌ನನ್ನು ಸುಸ್ತು ಮಾಡಿದ್ದನ್ನು ನಾವು ಜಾಣತನ ಅಂತ ಹೊಗಳುತ್ತೇವೆ. ಜಾಣತನವೇ. ಆದರೆ ಪ್ರಾಕ್ಟೀಸ್‌ನಲ್ಲೂ ಅವನು ಸ್ಪಾರಿಂಗ್ ಹುಡುಗರಿಗೆ "ಹೊಡಿ" ಅಂತ ಮೈ ಒಡ್ಡುತ್ತಿದ್ದ. ಅದರ ಬಿಲ್ ಆಮೇಲೆ ಬಂತು.

1977ರಲ್ಲಿ ಅರ್ನಿ ಶೇವರ್ಸ್ ಜೊತೆ 15 ರೌಂಡ್ ಆಡಿದ ಮೇಲೆ, ಇನ್ನು ಸಾಕು ನಿಲ್ಲಿಸು ಅಂತ ಅವನ ಡಾಕ್ಟರ್ ಫರ್ಡಿ ಪಚೆಕೊ ಹೇಳಿದರು. ಕೇಳಲಿಲ್ಲ. ಅವರು ಕ್ಯಾಂಪ್ ಬಿಟ್ಟು ಹೋದರು. 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ಇಳಿದಾಗ ಅಲಿಗೆ 38. ತೂಕ ಇಳಿಸಿ, ನರೆತ ಕೂದಲಿಗೆ ಕಪ್ಪು ಹಚ್ಚಿ, ಕನ್ನಡಿಯಲ್ಲಿ ಹತ್ತು ವರ್ಷ ಚಿಕ್ಕವನಾಗಿದ್ದ. ಗಂಟೆ ಹೊಡೆದ ಮೇಲೆ ಕೈಯೇ ಬರಲಿಲ್ಲ. ಜಡ್ಜ್‌ಗಳು ಒಂದೂ ರೌಂಡ್ ಅವನಿಗೆ ಕೊಡಲಿಲ್ಲ. ಹತ್ತನೇ ರೌಂಡ್ ಆದಮೇಲೆ ಟ್ರೇನರ್ ಆಂಜೆಲೊ ಡಂಡಿ ಸಾಕು ಅಂದರು. 1984ರಲ್ಲಿ ಪಾರ್ಕಿನ್ಸನ್ ಅನ್ನುವ ನರರೋಗದ ಲಕ್ಷಣ ಅಂತ ಡಾಕ್ಟರ್‌ಗಳು ಹೇಳಿದರು. ಅದು ಪೂರ್ತಿ ಏಟಿನಿಂದಲೇ ಬಂದಿದ್ದಾ ಅನ್ನುವುದರಲ್ಲಿ ಡಾಕ್ಟರ್‌ಗಳಲ್ಲೇ ಒಮ್ಮತ ಇಲ್ಲ.

ಆದರೆ ಒಂದು ವಿಷಯ ನನ್ನ ಕೆಲಸವನ್ನೇ ಬದಲಾಯಿಸಿತು. ಅಮೆರಿಕದ ಅರಿಜೋನಾದ ಸಂಶೋಧಕರು ಅಲಿಯ ಹಳೇ ಟಿವಿ ಸಂದರ್ಶನಗಳ ಮಾತಿನ ವೇಗ ಅಳೆದು 2017ರಲ್ಲಿ ಪ್ರಕಟಿಸಿದರು. 1968ರಿಂದ 1981ರ ಹೊತ್ತಿಗೆ ವೇಗ ಕಾಲು ಭಾಗಕ್ಕಿಂತ ಜಾಸ್ತಿ ಇಳಿದಿತ್ತು. ಅಂದರೆ ರೋಗ ಅಂತ ಹೆಸರಿಡುವುದಕ್ಕೆ ವರ್ಷಗಳ ಮೊದಲೇ ನಾಲಿಗೆ ಹೇಳುತ್ತಿತ್ತು!

ಅವತ್ತಿನಿಂದ ನನ್ನ ಹುಡುಗರೆಲ್ಲ ಆಗಾಗ ನನ್ನ ಫೋನ್‌ಗೆ "ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯುತ್ತಿತ್ತು" ಅಂತ ಬಿಡದೆ ಹೇಳಬೇಕು. ಹಾಸನದ ಒಬ್ಬ ಹುಡುಗ ಅದನ್ನು ರೈಲು ಓಡಿಸಿದ ಹಾಗೆ ಹೇಳುತ್ತಾನೆ. ಕನ್ನಡ ಬರದವರು ಅವರ ಭಾಷೆಯದ್ದು ಯಾವುದಾದರೂ ಹೇಳಲಿ. ಎಲ್ಲರೂ ನಗುತ್ತಾರೆ, ನಗಲಿ ಬಿಡಿ. ರೆಕಾರ್ಡಿಂಗ್ ತಾರೀಖಿನ ಸಮೇತ ಇಟ್ಟಿರುತ್ತೇನೆ. ಇದು ಡಾಕ್ಟರ್ ಪರೀಕ್ಷೆ ಏನಲ್ಲ. ಹಳೇದಕ್ಕೂ ಹೊಸದಕ್ಕೂ ವ್ಯತ್ಯಾಸ ಕಿವಿಗೆ ಬಿದ್ದರೆ ನರರೋಗ ತಜ್ಞರ ಹತ್ತಿರ ಕಳಿಸುತ್ತೇನೆ, ಅಷ್ಟೇ.

ಪ್ಯಾಡ್ ಮೇಲೆ ಇನ್ನೂ ಬೇಗ ಗೊತ್ತಾಗುತ್ತೆ. ಚೆನ್ನಾಗಿರುವ ಹುಡುಗನ ಜ್ಯಾಬ್ ಹೋದ ದಾರಿಯಲ್ಲೇ ಕೆನ್ನೆಗೆ ವಾಪಸ್ ಬರುತ್ತೆ. ಸವೆದವನ ಕೈ ಎದೆ ಹತ್ತಿರ ಇಳಿದು, ಅಲ್ಲಿಂದ ಮೇಲೆ ಹತ್ತುತ್ತೆ. ಆ ಸಂದಿನಲ್ಲಿ ನಾನು ಪ್ಯಾಡ್‌ನಿಂದ ಮೆಲ್ಲಗೆ ಕೆನ್ನೆ ಮುಟ್ಟುತ್ತೇನೆ. ಸುಸ್ತಾದಾಗ ಎಲ್ಲರಿಗೂ ಆಗುತ್ತೆ, ಅದಕ್ಕೆ ಬೆಲೆ ಇಲ್ಲ. ವಾರ ರಜಾ ಕೊಟ್ಟು, ಮೊದಲನೇ ರೌಂಡ್‌ನಲ್ಲೇ ಮುಟ್ಟೋಕೆ ಆದರೆ ಮಾತ್ರ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ.

ಮನೆಯವರಿಗೂ ಫೋನ್ ಮಾಡುತ್ತೇನೆ. ಗಾಡಿ ಕೀ ಮರೆಯೋದು, ಹೇಳಿದ್ದನ್ನೇ ಮತ್ತೆ ಹೇಳೋದು, ಸಣ್ಣದಕ್ಕೂ ರೇಗಾಡೋದು ಇವೆಲ್ಲ ಹೆಂಡತಿಗೆ ಮೊದಲು ಕಾಣುತ್ತೆ. ಹುಡುಗನನ್ನು ಕೇಳಿದರೆ "ಫಸ್ಟ್ ಕ್ಲಾಸ್ ಆಗಿದ್ದೀನಿ ಸರ್" ಅಂತಾನೆ.

ನಮ್ಮ ದೇಶದ ಪ್ರೊ ಬಾಕ್ಸರ್‌ಗಳಿಗೆ ಇನ್ನೊಂದು ತೊಡಕಿದೆ. ಇಲ್ಲಿ ಹೆಚ್ಚಿನವರು ಅಮೆಚೂರ್ ಮುಗಿಸಿ, ತಡವಾಗಿ ಪ್ರೊ ಆಗುತ್ತಾರೆ. ವಿಜೇಂದರ್ ಸಿಂಗ್ 2004, 2008, 2012 ಮೂರೂ ಒಲಿಂಪಿಕ್ಸ್ ಆಡಿ 2015ರಲ್ಲಿ ಪ್ರೊ ಆದ. ಕಾಗದದ ಮೇಲೆ ಎಲ್ಲರ ದಾಖಲೆಯೂ ಸೊನ್ನೆಯಿಂದ ಶುರು. ತಲೆಯೊಳಗಿನ ಲೆಕ್ಕ ಸೊನ್ನೆ ಅಲ್ಲ. ಅಮೆಚೂರ್‌ನಲ್ಲಿ ತಲೆಗೆ ಏಟು ಬಿದ್ದು ಪಂದ್ಯ ನಿಂತರೆ ಕನಿಷ್ಠ 30 ದಿನ ರಜಾ ಕಡ್ಡಾಯ. ಜಿಮ್‌ನಲ್ಲಿ ಮಂಡಿ ಕುಸಿದರೆ? ನೀರು ಕುಡಿದು ಮತ್ತೆ ಗ್ಲೌಸ್ ಹಾಕುತ್ತಾರೆ. ಹೆಡ್‌ಗಾರ್ಡ್ ಇದೆಯಲ್ಲ ಅಂತ ವಾದ ಬೇರೆ. ಹೆಡ್‌ಗಾರ್ಡ್ ಚರ್ಮ ಹರಿಯೋದನ್ನು ತಡೆಯುತ್ತೆ, ಒಳಗೆ ಮಿದುಳು ಅಲುಗಾಡೋದನ್ನಲ್ಲ.

ಹಾಗಾಗಿ ನಮ್ಮಲ್ಲಿ ಜೋರು ಸ್ಪಾರಿಂಗ್ ಫೈಟ್ ಹತ್ತಿರ ಬಂದಾಗ ಮಾತ್ರ, ಅದೂ ಸರಿಸಮ ತೂಕದವರ ಜೊತೆ. ತೂಕ ಇಳಿಸಲು ನೀರು ಬಿಟ್ಟಿರುವ ವಾರದಲ್ಲಿ ತಲೆಗೆ ಒಂದೂ ಏಟು ಬೀಳಬಾರದು. ಉಳಿದ ದಿನ ಭುಜ ಮುಟ್ಟುವ ಆಟ, ಗಾಳಿಗೆ ಹೊಡೆಯುವ ಶ್ಯಾಡೋ, ಬ್ಯಾಗು. "ಸರ್, ಹಿಂಗಾದ್ರೆ ಏಟು ತಡ್ಕೊಳೋದು ಕಲಿಯೋದು ಹೆಂಗೆ?" ಅಂತ ಒಬ್ಬ ಕೇಳಿದ. "ಲೋ, ಅದನ್ನು ಯಾರೂ ಕಲಿಯಲ್ಲ ಕಣೋ. ಇರೋದನ್ನು ಖರ್ಚು ಮಾಡ್ತಾರೆ," ಅಂದೆ. ಗೊಣಗಿಕೊಂಡು ಸ್ಕಿಪ್ಪಿಂಗ್‌ಗೆ ಹೋದ.

ದೊಡ್ಡ ತಲೆನೋವು ದುಡ್ಡಿನದು. ಆಡಿದರೆ ಮಾತ್ರ ದುಡ್ಡು, ನಿಲ್ಲಿಸಿದರೆ ಯಾರೂ ಕೊಡಲ್ಲ. ಅದಕ್ಕೇ ಸವೆದ ಹುಡುಗನೂ "ಇನ್ನೊಂದೇ ಫೈಟ್ ಸರ್" ಅಂತಾನೆ. ಬರೀ ಬುದ್ಧಿ ಹೇಳಿದರೆ ಅವನು ಬೇರೆ ಜಿಮ್‌ಗೆ ಹೋಗುತ್ತಾನೆ, ಅಲ್ವಾ? ಅದಕ್ಕೆ ನಾನು ಕೈ ಚುರುಕಾಗಿರುವಾಗಲೇ ಪ್ಯಾಡ್ ಹಿಡಿಯೋದು ಕಲಿಸಿ, ಬೆಳಗಿನ ಬ್ಯಾಚ್ ಒಂದನ್ನು ಅವನ ಕೈಗೆ ಕೊಡುತ್ತೇನೆ. ಫೀಸಿನಲ್ಲಿ ಅವನಿಗೂ ಪಾಲು. ಮೊದಲ ಫೈಟ್‌ಗೆ ಸಹಿ ಹಾಕುವ ಮುಂಚೆ ಒಂದು ಎಂಆರ್‌ಐ, ಆಮೇಲೆ ವರ್ಷಕ್ಕೊಂದು, ಖರ್ಚು ಪ್ರಮೋಟರ್‌ದು ಅಂತ ಕರಾರಿನಲ್ಲಿ ಬರೆಸುತ್ತೇನೆ. ಕೆಲವರು ಬರೆದುಕೊಡುತ್ತಾರೆ. ಬರೆದುಕೊಡದವರು ನಡೆಸುವ ಫೈಟ್‌ಗಳಲ್ಲಿ ನಮ್ಮ ಹುಡುಗರು ಆಡುವುದಿಲ್ಲ.