ಗಣಿಯೊಳಗಿನ ಡೀಸೆಲ್ ಹೊಗೆ: ನಾವು ಕಡಿಮೆ ಮಾಡಿದ್ದು ಹೀಗೆ

ಲ್ಯಾಬ್‌ನಿಂದ ಬಂದ ಫೋಟೋದಲ್ಲಿ ಎರಡು ಫಿಲ್ಟರ್ ಅಕ್ಕಪಕ್ಕ ಇದ್ದವು. ಒಂದು ಬಳಸದೇ ಇಟ್ಟಿದ್ದು, ಹಾಲಿನಷ್ಟು ಬಿಳಿ. ಇನ್ನೊಂದು, ದೀಪದ ಕುಡಿ ಮೇಲೆ ಹಿಡಿದು ಕಾಡಿಗೆ ಕಟ್ಟಿಸಿದ ಹಾಗೆ ಕಪ್ಪು. ಆ ಕಪ್ಪು ಫಿಲ್ಟರ್ ಇದ್ದದ್ದು ನಮ್ಮ ಸಿಡಿಮದ್ದು ತುಂಬುವ ತಂಡದವರೊಬ್ಬರ ಕಾಲರ್ ಮೇಲೆ. ಸೊಂಟಕ್ಕೆ ಕಟ್ಟಿದ ಸಣ್ಣ ಪಂಪ್, ಅವರ ಮೂಗಿನ ಹತ್ತಿರದ ಗಾಳಿಯನ್ನು ಶಿಫ್ಟ್ ಪೂರ್ತಿ ಅದರ ಮೂಲಕ ಎಳೆದಿತ್ತು. ಅಷ್ಟು ಮಸಿ ಅವರ ಎದೆಯೊಳಗೂ ಹೋಗಿರುತ್ತೆ ಅಲ್ವಾ? ಆ ರಾತ್ರಿ ನನಗೆ ಊಟ ಸೇರಲಿಲ್ಲ.

ನಾನು ಪಶ್ಚಿಮ ಆಸ್ಟ್ರೇಲಿಯಾದ ಕಲ್ಗೂರ್ಲಿ ಕಡೆಯ ಒಂದು ಚಿನ್ನದ ಗಣಿಯಲ್ಲಿ ವೆಂಟಿಲೇಷನ್ ಎಂಜಿನಿಯರ್. ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. 2001ರಲ್ಲಿ ಗಣಿ ಮುಚ್ಚುವ ತನಕ ಅಪ್ಪ ಅಲ್ಲೇ ದುಡಿದರು. ಕಲ್ಲಿನ ದೂಳು ಎದೆಯನ್ನು ಏನು ಮಾಡುತ್ತೆ ಅನ್ನೋದನ್ನ ನಮ್ಮ ಬೀದಿಯಲ್ಲೇ ಕೆಮ್ಮು ಕೇಳಿ ಕಲಿತವನು ನಾನು. ಡೀಸೆಲ್ ಮಸಿಯ ಕಣಗಳಂತೂ ಹೆಚ್ಚಿನವು ಒಂದು ಮೈಕ್ರಾನ್‌ಗಿಂತ ಸಣ್ಣವು. ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿತು. ಅಮೆರಿಕದ 8 ಗಣಿಗಳ 12,000ಕ್ಕೂ ಹೆಚ್ಚು ಕೆಲಸಗಾರರ ಅಧ್ಯಯನ ಬಂದದ್ದೂ ಅದೇ ವರ್ಷ. ಹೊಗೆ ಜಾಸ್ತಿ ಕುಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನ ಸಾವೂ ಜಾಸ್ತಿ ಇತ್ತು.

ದಾಟಬಾರದು ಅಂತ ನಾವು ಹಿಡಿದ ಮಿತಿ, ಒಂದು ಘನ ಮೀಟರ್ ಗಾಳಿಯಲ್ಲಿ 0.1 ಮಿಲಿಗ್ರಾಂ ಇಂಗಾಲದ ಮಸಿ. ಅದು 8 ಗಂಟೆಯ ಲೆಕ್ಕ. ನಮ್ಮ ಶಿಫ್ಟ್ 12 ಗಂಟೆ, ಹಾಗಾಗಿ ನಮ್ಮ ಗುರಿಯನ್ನು ಇನ್ನೂ ಕೆಳಗಿಟ್ಟೆವು.

ಹೊಗೆ ಅಂದ ಕೂಡಲೇ ಎಲ್ಲರೂ ಹೇಳೋದು, ದೊಡ್ಡ ಫ್ಯಾನ್ ಹಾಕಿ ಅಂತ. ಇಲ್ಲಿನ ಲೆಕ್ಕದಲ್ಲಿ ಎಂಜಿನ್‌ನ ಒಂದು ಕಿಲೋವ್ಯಾಟ್‌ಗೆ ಸೆಕೆಂಡಿಗೆ 0.05 ಘನ ಮೀಟರ್ ಗಾಳಿ ಬೇಕು. ಅದಿರು ಬಾಚುವ 270 ಕಿಲೋವ್ಯಾಟ್ ಲೋಡರ್‌ಗೆ 13.5. ಕಾಗದದ ಮೇಲೆ ನಮ್ಮ ಗಾಳಿ ಸಾಕಷ್ಟಿತ್ತು. ಆದರೆ ನಾನು ಫ್ಯಾನ್‌ನಿಂದ ಹೊರಟು ಗಾಳಿ ಒಯ್ಯುವ ಕೊಳವೆಯ (ಡಕ್ಟ್) ಉದ್ದಕ್ಕೂ ನಡೆದು ನೋಡಿದೆ. ಟ್ರಕ್ ತಾಗಿ ಹರಿದ ಜಾಗ, ಬಿಟ್ಟುಹೋದ ಜೋಡಣೆ, ಕೈ ಹಿಡಿದರೆ ರಪ್ಪಂತ ಗಾಳಿ ಹೊಡೆಯುವ ತೂತುಗಳು. ಕೆಲಸ ನಡೆಯುವ ಕೊನೆಯಲ್ಲಿ ಅಳೆದರೆ ಹೊರಟ ಗಾಳಿಯ ಅರ್ಧವೂ ಇಲ್ಲ. ಹೊಸ ಫ್ಯಾನ್ ಕೇಳಲಿಲ್ಲ. ಡಕ್ಟ್‌ಗೆ ತೇಪೆ ಹಾಕಿಸಿದೆ, ವಾರಕ್ಕೊಮ್ಮೆ ನಡೆದು ನೋಡೋದನ್ನ ಒಬ್ಬರ ಕೆಲಸ ಮಾಡಿದೆ.

ಆಮೇಲೆ ವರ್ಕ್‌ಶಾಪ್‌ಗೆ ಹೋದೆ. ನಿಜವಾದ ಕಲಿಕೆ ಆಗಿದ್ದು ಅಲ್ಲೇ. ಹಳೇ ಫಿಟ್ಟರ್ ಒಬ್ಬರು ಲೋಡರ್‌ನ ಏರ್ ಫಿಲ್ಟರ್ ತೆಗೆದು ನೆಲಕ್ಕೆ ಕುಟ್ಟಿದರು. ಹಿಟ್ಟಿನ ಗಿರಣಿಯಲ್ಲಿ ಚೀಲ ಕೊಡವಿದ ಹಾಗೆ ದೂಳು ಎದ್ದಿತು. "ಇದಕ್ಕೆ ಉಸಿರೇ ಇಲ್ಲ, ಮಸಿ ಉಗುಳದೆ ಇನ್ನೇನು ಮಾಡುತ್ತೆ?" ಅಂದರು. ಗಾಳಿ ಕಮ್ಮಿಯಾದರೆ ಡೀಸೆಲ್ ಪೂರ್ತಿ ಉರಿಯಲ್ಲ, ಮಸಿ ಜಾಸ್ತಿಯಾಗುತ್ತೆ. ಅವತ್ತಿನಿಂದ ಪ್ರತಿ 250 ಗಂಟೆಯ ಸರ್ವಿಸ್‌ನಲ್ಲಿ ಸೈಲೆನ್ಸರ್ ಬಾಯಲ್ಲೇ ಹೊಗೆ ಅಳೆಯುತ್ತೇವೆ. ಎಂಜಿನ್ ಬಿಸಿಯಾಗಿರಬೇಕು, ಲೋಡ್ ಮೇಲಿರಬೇಕು, ಪ್ರತಿ ಸಲ ಒಂದೇ ಕ್ರಮ ಇರಬೇಕು. ಸುಮ್ನೆ ನಿಂತ ಗಾಡಿಯಲ್ಲಿ ಅಳೆದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಟ್ಟಿದ್ದರೆ ಸಿಕ್ಕಿಬೀಳಲ್ಲ.

ಸೈಲೆನ್ಸರ್‌ಗೆ ಮಸಿ ಹಿಡಿಯುವ ಫಿಲ್ಟರ್ ಹಾಕಿಸಿದ್ದರಲ್ಲಿ ನಾನು ತಪ್ಪು ಮಾಡಿದೆ. ಟ್ರಕ್‌ಗೂ ಲೋಡರ್‌ಗೂ ಒಂದೇ ಥರದ್ದು ಹಾಕಿಸಿದೆ. ತುಂಬಿದ ಟ್ರಕ್ ಇಳಿಜಾರು ಹತ್ತುವಾಗ ಹೊಗೆ ಚೆನ್ನಾಗಿ ಕಾಯುತ್ತೆ, ಫಿಲ್ಟರ್‌ನಲ್ಲಿ ಕೂತ ಮಸಿ ತಾನೇ ಉರಿದುಹೋಗುತ್ತೆ. ಲೋಡರ್ ನಾಲ್ಕು ಹೆಜ್ಜೆ ಹಿಂದೆ, ನಾಲ್ಕು ಹೆಜ್ಜೆ ಮುಂದೆ. ಅಷ್ಟು ಕಾಯೋದೇ ಇಲ್ಲ. ಕೆಲವೇ ವಾರದಲ್ಲಿ ಫಿಲ್ಟರ್ ಕಟ್ಟಿಕೊಂಡು ಎಂಜಿನ್ ಏದುಸಿರು ಬಿಡತೊಡಗಿತು. ಅದರ ಜೊತೆಗೆ ಆ ಫಿಲ್ಟರ್‌ನ ಲೇಪನದಿಂದ ನೈಟ್ರೋಜನ್ ಡೈಆಕ್ಸೈಡ್ ಏರಿತು. ಮಸಿ ಇಳಿದಿದೆ ಅಂತ ನಾನು ಖುಷಿಯಲ್ಲಿದ್ದೆ, ಓಡಿಸುವವರು ಕಣ್ಣು ಉರಿ ಅಂತಿದ್ದರು. ಅವರ ಮಾತೇ ಸರಿ. ಲೋಡರ್‌ಗಳಿಂದ ಅದನ್ನು ತೆಗೆಸಿದೆ. ಈಗ ಯಾವ ಫಿಲ್ಟರ್ ಕೊಳ್ಳುವ ಮೊದಲೂ ಆ ಗಾಡಿಯ ಹೊಗೆ ಎಷ್ಟು ಬಿಸಿ ಇರುತ್ತೆ ಅಂತ ಕೆಲವು ಶಿಫ್ಟ್ ಅಳೆದು ನೋಡುತ್ತೇನೆ.

ಅಪ್ಪ ಫೋನಿನಲ್ಲಿ ಕೇಳಿದರು, "ಅವರಿಗೆ ಮಾಸ್ಕ್ ಕೊಟ್ಟಿಲ್ವೇನೋ?" ಕೊಟ್ಟಿದ್ದೇವೆ ಅಪ್ಪಾ, ಆದರೆ ಬೆವರಲ್ಲಿ 12 ಗಂಟೆ ಯಾರೂ ಸರಿಯಾಗಿ ಹಾಕಿಕೊಳ್ಳೋಕೆ ಆಗಲ್ಲ ಅಂದೆ. ಅವರಿಗೆ ಅದು ಗೊತ್ತಿದ್ದ ವಿಷಯವೇ.

ಲೋಡರ್, ಟ್ರಕ್ ಓಡಿಸುವವರಿಗೆ ಎಸಿ ಕ್ಯಾಬಿನ್ ಇದೆ, ಒಳಬರುವ ಗಾಳಿಗೆ ಫಿಲ್ಟರ್ ಇದೆ. ಮದ್ದು ತುಂಬುವವರು ಕ್ಯಾಬಿನ್ ಇಲ್ಲದೆ ಹೊರಗೇ ನಿಲ್ಲಬೇಕು. ಅವರ ಜೊತೆ ಒಂದು ಶಿಫ್ಟ್ ನಿಂತಾಗ ಎರಡು ವಿಷಯ ಕಂಡಿತು. ಒಂದು, ಲೋಡರ್ ಉಗುಳಿದ ಗಾಳಿ ನೇರ ಅವರ ಕಡೆಗೇ ಹೋಗುತ್ತಿತ್ತು. ಇನ್ನೊಂದು, ಅವರದೇ ಗಾಡಿಯ ಎಂಜಿನ್ ಬರೀ ಲೈಟು, ಕಂಪ್ರೆಸರ್‌ಗೋಸ್ಕರ ಬೆನ್ನ ಹಿಂದೆ ಗಂಟೆಗಟ್ಟಲೆ ಓಡುತ್ತಿತ್ತು. ಈಗ ಶಿಫ್ಟ್ ಪ್ಲಾನ್ ಬರೆಯುವಾಗಲೇ ಗಾಳಿಯ ದಿಕ್ಕು ನೋಡಿ ಅವರನ್ನು ಲೋಡರ್‌ಗಿಂತ ಮೊದಲು ಗಾಳಿ ಸಿಗುವ ಕಡೆ ಹಾಕುತ್ತೇವೆ. ಅವರ ಗಾಡಿಗೆ ಗಣಿಯ ಕರೆಂಟ್‌ನ ಕೇಬಲ್ ಕೊಟ್ಟಿದ್ದೇವೆ, ಎಂಜಿನ್ ಆಫ್.

ಕಳೆದ ಸಲದ ಅವರ ಫಿಲ್ಟರ್ ಬೂದಿ ಬಣ್ಣಕ್ಕೆ ಬಂದಿತ್ತು. ಆದರೆ ರಸ್ತೆ ಸಮ ಮಾಡುವ ಗ್ರೇಡರ್ ಓಡಿಸುವವರ ಫಿಲ್ಟರ್ ಕಪ್ಪಾಗಿಯೇ ಇತ್ತು. ಆ ಕ್ಯಾಬಿನ್ ಬಾಗಿಲಿನ ರಬ್ಬರ್ ಹರಿದಿತ್ತು. ಹೊಸದು ಹಾಕಿಸಿದ್ದೇವೆ, ಮುಂದಿನ ತಿಂಗಳು ಅವರಿಗೆ ಮತ್ತೆ ಪಂಪ್ ಕಟ್ಟುತ್ತೇವೆ.